ದೇಶೀಯ ಜ್ಞಾನ ಮತ್ತು ಶಿಕ್ಷಣ: ಅಂಬತ್ತೂರಿನ ಕೆರೆಯ ನೆಲೆಯಿಂದ ಕೆಲವು ವಿಚಾರಗಳು

1. ವಿಷಯ ಪ್ರವೇಶ

ದೇಶೀಯ ಜ್ಞಾನವನ್ನು ಶಾಲೆ ಮತ್ತು ವಿಶ್ವವಿದ್ಯಾಲಯಗಳ ಬೋಧನೆಯೊಳಗೆ ತರಬೇಕೆಂಬ ಮಾತು ನಮ್ಮಲ್ಲಿ ಹಲವು ಬಾರಿ ಕೇಳಿಬಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸುವುದನ್ನು ತನ್ನ ಮಾರ್ಗದರ್ಶಕ ತತ್ತ್ವಗಳಲ್ಲಿ ಮೊದಲನೆಯದಾಗಿ ಇರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ‘ಭಾರತೀಯ ಜ್ಞಾನ ಪರಂಪರೆ’ ಎಂಬ ಹೆಸರಿನಲ್ಲಿ ಈ ಮಾತಿಗೆ ಆಡಳಿತದ ಬಲವೂ ದೊರೆಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಒಟ್ಟು ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇಕಡಾ 5ರಷ್ಟನ್ನು ಈ ವಿಷಯದಲ್ಲಿ ಪಡೆಯುವಂತೆ ಪ್ರೋತ್ಸಾಹಿಸಬೇಕೆಂದು ಹೇಳುತ್ತದೆ. ತಮಿಳುನಾಡು ಸರ್ಕಾರವು 2020ರ ನೀತಿಯನ್ನು ಒಪ್ಪದೆ 2025ರಲ್ಲಿ ತನ್ನದೇ ಆದ ರಾಜ್ಯ ಶಿಕ್ಷಣ ನೀತಿಯನ್ನು ಪ್ರಕಟಿಸಿತು. ನೀತಿಗಳು ಬೇರೆಯಾದರೂ ಸ್ಥಳೀಯ ಅರಿವಿಗೆ ಶಿಕ್ಷಣದಲ್ಲಿ ಎಡೆ ಬೇಕೆಂಬುದನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರು ವಿರಳ.

ಆದ್ದರಿಂದ ಈಗ ಕೇಳಬೇಕಾದ ಪ್ರಶ್ನೆ ‘ತರಬೇಕೇ’ ಎಂಬುದಲ್ಲ. ‘ಯಾವುದನ್ನು, ಯಾರಿಂದ, ಹೇಗೆ’ ಎಂಬುದು. ಕನ್ನಡ ಕಾವ್ಯಮೀಮಾಂಸೆಯ ಪರಿಚಯವಿರುವವರಿಗೆ ಮಾರ್ಗ ಮತ್ತು ದೇಸಿ ಎಂಬ ಎರಡು ಪರಿಕಲ್ಪನೆಗಳು ತಿಳಿದಿರುತ್ತವೆ. ಅಖಿಲ ಭಾರತ ವ್ಯಾಪ್ತಿಯ, ಶಾಸ್ತ್ರಬದ್ಧವಾದ ದಾರಿ ಮಾರ್ಗ. ಒಂದು ನೆಲದ ನುಡಿಗೂ ನಡೆಗೂ ಹೊಂದಿದ್ದು ದೇಸಿ. ಕನ್ನಡದ ಪ್ರಾಚೀನ ಕವಿಗಳು ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಲ್ಲ. ಎರಡನ್ನೂ ಬೆಸೆಯುವುದನ್ನೇ ಕವಿಯ ಶಕ್ತಿಯೆಂದು ತಿಳಿದವರು. ಈ ವಿವೇಕವು ಜ್ಞಾನದ ವಿಷಯಕ್ಕೂ ಸಲ್ಲುತ್ತದೆ. ಗ್ರಂಥದಲ್ಲಿರುವ ಅರಿವು ಒಂದು ಬಗೆ, ಕೆಲಸ ಮಾಡುವವನ ಕೈಯಲ್ಲಿರುವ ಅರಿವು ಇನ್ನೊಂದು ಬಗೆ. ಇವೆರಡನ್ನೂ ಒಂದೇ ಪಾಠದಲ್ಲಿ ತಂದು, ನೆಲದ ಮೇಲೆ ಪರೀಕ್ಷೆಗೆ ಒಡ್ಡಿ ಕಲಿಸಿದಾಗ ಮಾತ್ರ ದೇಶೀಯ ಜ್ಞಾನವು ಜ್ಞಾನವಾಗಿ ಉಳಿಯುತ್ತದೆ. ಇಲ್ಲವಾದರೆ ಅದು ಕೇವಲ ಹೆಮ್ಮೆಯ ವಸ್ತುವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇದನ್ನು ನಿರೂಪಿಸಲು ಚೆನ್ನೈ ಮಹಾನಗರದ ಭಾಗವಾಗಿರುವ ಅಂಬತ್ತೂರಿನ ಕೆರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

2. ಅಂಬತ್ತೂರು: ಕೆರೆ ಮತ್ತು ಅದರ ಶಬ್ದಕೋಶ

ಕರ್ನಾಟಕದ ಹೊರಗಿನ ಊರೊಂದನ್ನು ಆಯ್ದುಕೊಂಡುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕೆರೆಯ ನಾಗರಿಕತೆಯು ಭಾಷಾ ರಾಜ್ಯಗಳ ಗಡಿಯನ್ನು ಅರಿಯದು. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು, ತಮಿಳುನಾಡಿನಲ್ಲಿ ಸುಮಾರು 39,000 ಕೆರೆಗಳಿವೆಯೆಂದು ಲೆಕ್ಕ ಹಾಕಲಾಗಿದೆ. ಎರಡನೆಯದು, ಕನ್ನಡದ ಶಾಸ್ತ್ರಸಾಹಿತ್ಯದ ಮುಖ್ಯ ಗ್ರಂಥಗಳು ಕೆಲವು ಮೊದಲು ಬೆಳಕು ಕಂಡದ್ದು ಮದರಾಸಿನಲ್ಲಿ. ಆ ಗ್ರಂಥಗಳ ವಿಷಯವನ್ನು ಮುಂದೆ ನೋಡೋಣ.

ಅಂಬತ್ತೂರು ಈಗ ಕಾರ್ಖಾನೆಗಳ ಊರೆಂದೇ ಪ್ರಸಿದ್ಧ. 1960ರ ದಶಕದಲ್ಲಿ ಸ್ಥಾಪನೆಯಾದ ಕೈಗಾರಿಕಾ ವಸಾಹತು ಇದರ ಚಹರೆಯನ್ನು ಬದಲಿಸಿತು. 1997ರವರೆಗೆ ಚೆಂಗಲ್ಪಟ್ಟು ಜಿಲ್ಲೆಯಲ್ಲಿದ್ದು ಬಳಿಕ ತಿರುವಳ್ಳೂರು ಜಿಲ್ಲೆಗೆ ಸೇರಿದ ಈ ಊರು 2011ರಲ್ಲಿ ಚೆನ್ನೈ ನಗರಪಾಲಿಕೆಯೊಳಗೆ ಬಂದಿತು. ಆದರೆ ಕಾರ್ಖಾನೆಗಳಿಗಿಂತ ಮೊದಲು ಅಲ್ಲಿ ಕೆರೆಯಿತ್ತು, ಈಗಲೂ ಇದೆ. ಅಂಬತ್ತೂರು ಕೆರೆ ತುಂಬಿದಾಗ ಹೆಚ್ಚುವರಿ ನೀರು ಕೊರಟ್ಟೂರು ಕೆರೆಗೂ, ಅಲ್ಲಿಂದ ಮುಂದೆ ರೆಟ್ಟೇರಿಗೂ ಹರಿಯುವಂತೆ ಹಿಂದಿನವರು ಏರ್ಪಾಟು ಮಾಡಿದ್ದರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಒಳಹರಿವು ಎಂಬುದು ಈ ಸರಣಿ ಕೆರೆಗಳ ಮೂಲಸೂತ್ರ. ಸರಣಿಯಲ್ಲಿ ಒಂದು ಕೊಂಡಿ ಕಡಿದರೆ ಕೆಳಗಿನದು ಬೇಸಗೆಯಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ನೀರು ಮನೆಗಳಿಗೆ ನುಗ್ಗುತ್ತದೆ. ಕೊರಟ್ಟೂರು ಕೆರೆಗೆ ಕೈಗಾರಿಕಾ ತ್ಯಾಜ್ಯ ಮತ್ತು ಒಳಚರಂಡಿಯ ನೀರು ಸೇರುತ್ತಿರುವ ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮುಂದೆ ವಿಚಾರಣೆಗೆ ಬಂದಿತು. ನೀರನ್ನು ಒಯ್ಯಬೇಕಾಗಿದ್ದ ದಾರಿಯೇ ಕೊಳಕನ್ನು ಒಯ್ಯುವ ದಾರಿಯಾಯಿತು.

ಈ ಕೆರೆಯ ಅಂಗಗಳ ಹೆಸರುಗಳನ್ನು ಗಮನಿಸಿದರೆ ಭಾಷಾಧ್ಯಯನದ ವಿದ್ಯಾರ್ಥಿಗೆ ಸ್ವಾರಸ್ಯವಾದ ಸಂಗತಿಯೊಂದು ಕಾಣುತ್ತದೆ. ತಮಿಳಿನಲ್ಲಿ ‘ಏರಿ’ ಎಂದರೆ ಜಲಾಶಯ; ಕನ್ನಡದಲ್ಲಿ ‘ಏರಿ’ ಎಂದರೆ ಆ ಜಲಾಶಯಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ಒಡ್ಡು. ತಮಿಳರು ಆ ಒಡ್ಡನ್ನು ‘ಕರೈ’ ಎನ್ನುತ್ತಾರೆ. ಹಳಗನ್ನಡದಲ್ಲಿ ‘ಕರೆ’ ಎಂದರೆ ದಡ. ಆದರೆ ‘ಕರೈ’ ಶಬ್ದಕ್ಕೂ ನಮ್ಮ ‘ಕೆರೆ’ಗೂ ನೇರ ನಂಟು ಕಲ್ಪಿಸಲಾಗದು. ‘ಕೆರೆ’ಯು ಹಳಗನ್ನಡದಲ್ಲಿ ಶಕಟರೇಫವುಳ್ಳ ‘ಕೆಱೆ’. ಅದರ ಜ್ಞಾತಿಶಬ್ದ ತೆಲುಗಿನ ‘ಚೆಱುವು’. ನೀರನ್ನು ಗದ್ದೆಗೆ ಬಿಡುವ ದ್ವಾರ ತಮಿಳಿನಲ್ಲಿ ‘ಮದಗು’ ಅಥವಾ ‘ತೂಂಬು’, ಕನ್ನಡದಲ್ಲಿ ‘ತೂಬು’. ‘ಮದಗ’ ಶಬ್ದವು ನಮ್ಮಲ್ಲಿ ಹಾವೇರಿ ಜಿಲ್ಲೆಯ ಮಾಸೂರಿನ ಮದಗದ ಕೆರೆಯಂತಹ ಹೆಸರುಗಳಲ್ಲಿ ಉಳಿದಿದೆ. ತಮಿಳಿನ ‘ಕಲಂಗಲ್’ ನಮ್ಮ ‘ಕೋಡಿ’. ಒಂದೇ ತಂತ್ರವನ್ನು ಹಂಚಿಕೊಂಡ ಸಮುದಾಯಗಳು ಒಂದೇ ಶಬ್ದವನ್ನು ಬೇರೆ ಬೇರೆ ಅಂಗಗಳಿಗೆ ಇಟ್ಟುಕೊಂಡಿರುವುದು ಇಲ್ಲಿ ಸ್ಪಷ್ಟವಾಗಿದೆ.

ಈ ಶಬ್ದಗಳು ಬರಿಯ ಹೆಸರುಗಳಲ್ಲ. ಪ್ರತಿಯೊಂದೂ ಒಂದು ಕೆಲಸದ ನೆನಪು. ಕೋಡಿ ಎಂಬ ಮಾತು ಬಳಕೆಯಲ್ಲಿರುವ ಊರಿನಲ್ಲಿ ಕೋಡಿಯ ಮುಂದೆ ಮನೆ ಕಟ್ಟಬಾರದೆಂಬ ಎಚ್ಚರವೂ ಇರುತ್ತದೆ. ಮಾತು ಮರೆತಾಗ ಎಚ್ಚರವೂ ಮರೆಯಾಗುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ನೆರೆಯಲ್ಲಿ ಮುಳುಗಿದುದನ್ನೂ, 2019ರ ಬೇಸಗೆಯಲ್ಲಿ ಅದೇ ನಗರಕ್ಕೆ ನೀರುಣಿಸುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ಬಹುಮಟ್ಟಿಗೆ ಬತ್ತಿದುದನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮಳೆಯ ಏರುಪೇರು ಈ ಎರಡಕ್ಕೂ ಕಾರಣವೆಂಬುದು ನಿಜ. ಆದರೆ ಹೆಚ್ಚು ಮಳೆಯ ವರ್ಷದ ನೀರನ್ನು ಕಡಿಮೆ ಮಳೆಯ ತಿಂಗಳುಗಳಿಗೆ ಹಿಡಿದಿಡುವುದೇ ಸರಣಿ ಕೆರೆಗಳ ಉದ್ದೇಶವಾಗಿತ್ತೆಂಬುದೂ ಅಷ್ಟೇ ನಿಜ.

3. ಗ್ರಂಥಗಳಲ್ಲಿರುವ ಅರಿವು

ಕನ್ನಡದಲ್ಲಿ ಶಾಸ್ತ್ರಸಾಹಿತ್ಯವೆಂಬ ಒಂದು ಸಮೃದ್ಧ ಶಾಖೆಯಿದೆ. ಕರ್ನಾಟಕದ ಹೊರಗಿನ ವಿದ್ವಾಂಸರಿಗೆ ಪಂಪ, ರನ್ನ, ವಚನಕಾರರು, ಕುಮಾರವ್ಯಾಸ ಪರಿಚಿತರಾದಷ್ಟು ಈ ಶಾಖೆ ಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ವಾಸ್ತು, ಅಂತರ್ಜಲ ಶೋಧನೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ಸುಗಂಧ ದ್ರವ್ಯ, ವೈದ್ಯ, ಶಕುನ ಮೊದಲಾದ ವಿಷಯಗಳನ್ನು ಒಳಗೊಂಡ ಲೋಕವ್ಯವಹಾರದ ಕೋಶ. 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’, 14ನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ ‘ಖಗೇಂದ್ರಮಣಿದರ್ಪಣ’ ಇದೇ ಪರಂಪರೆಗೆ ಸೇರಿದವು. ಇವುಗಳಲ್ಲಿ ‘ಖಗೇಂದ್ರಮಣಿದರ್ಪಣ’ವನ್ನು 1942ರಲ್ಲಿ ಮದರಾಸು ವಿಶ್ವವಿದ್ಯಾಲಯವೂ, ‘ಲೋಕೋಪಕಾರ’ವನ್ನು 1950ರಲ್ಲಿ ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವೂ ಪ್ರಕಟಿಸಿದವು. ಎರಡರ ಸಂಪಾದನೆಯಲ್ಲೂ ಎಚ್. ಶೇಷಯ್ಯಂಗಾರ್ಯರ ಶ್ರಮವಿದೆ. ‘ಲೋಕೋಪಕಾರ’ದ ಇಂಗ್ಲಿಷ್ ಅನುವಾದವು 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ಮೂಲಕ ಹೊರಬಂದಿತು. ಮುದ್ರಣಕ್ಕೂ ಅನುವಾದಕ್ಕೂ ನಡುವೆ 56 ವರ್ಷಗಳು ಸಂದವು. ಈ ಅವಧಿಯಲ್ಲಿ ಗ್ರಂಥವು ಕನ್ನಡ ವಿಭಾಗಗಳ ಕಪಾಟಿನಲ್ಲಿ ‘ಸಾಹಿತ್ಯ’ವಾಗಿ ಉಳಿಯಿತೇ ಹೊರತು ಕೃಷಿ ಮಹಾವಿದ್ಯಾಲಯದ ಮೇಜಿಗೆ ತಲುಪಲಿಲ್ಲ.

ಇನ್ನೊಂದು ಗ್ರಂಥವನ್ನೂ ಇಲ್ಲಿ ನೆನೆಯಬೇಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು; ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಈ ಗ್ರಂಥದಲ್ಲಿ ‘ಖಾತವ್ಯವಹಾರ’ ಎಂಬ ಅಧ್ಯಾಯವಿದೆ. ಅಗೆದ ಹಳ್ಳದ ಘನಫಲವನ್ನು ಕಂಡುಹಿಡಿಯುವ ಲೆಕ್ಕಗಳು ಅಲ್ಲಿವೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಹಳ್ಳಕ್ಕೆ ಮಹಾವೀರನು ಎರಡು ಸ್ಥೂಲ ಅಳತೆಗಳನ್ನೂ ಒಂದು ಸೂಕ್ಷ್ಮ ಅಳತೆಯನ್ನೂ ಹೇಳುತ್ತಾನೆ. ಮೇಲಿನ ಮತ್ತು ಕೆಳಗಿನ ಬದಿಗಳ ಸರಾಸರಿಯಿಂದ ದೊರೆಯುವುದು ಮೊದಲನೆಯದು. ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳ ಸರಾಸರಿಯಿಂದ ದೊರೆಯುವುದು ಎರಡನೆಯದು. ಇವೆರಡರ ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಮೊದಲನೆಯದಕ್ಕೆ ಕೂಡಿದರೆ ಸೂಕ್ಷ್ಮ ಫಲ.

ಮೇಲ್ಭಾಗ 10 ಮೀಟರ್ ಚೌಕ, ತಳ 6 ಮೀಟರ್ ಚೌಕ, ಆಳ 3 ಮೀಟರ್ ಇರುವ ಗುಂಡಿಯೊಂದನ್ನು ಊಹಿಸೋಣ. ಬದಿಗಳ ಸರಾಸರಿ 8. ಆದುದರಿಂದ ಮೊದಲ ಅಳತೆ 8×8×3, ಅಂದರೆ 192 ಘನಮೀಟರ್. ಕ್ಷೇತ್ರಫಲಗಳಾದ 100 ಮತ್ತು 36ರ ಸರಾಸರಿ 68. ಆದುದರಿಂದ ಎರಡನೆಯ ಅಳತೆ 204. ವ್ಯತ್ಯಾಸ 12, ಅದರ ಮೂರನೆಯ ಒಂದು ಭಾಗ 4. ಸೂಕ್ಷ್ಮ ಫಲ 196. ಇಂದಿನ ರೇಖಾಗಣಿತದ ಸೂತ್ರದಿಂದಲೂ ಇದೇ 196 ಬರುತ್ತದೆ. ಕೆರೆಯಿಂದ ತೆಗೆದ ಹೂಳನ್ನು ಅಳೆದು ಕೂಲಿ ಕೊಡುವಾಗ 192ಕ್ಕೂ 204ಕ್ಕೂ ಇರುವ ಅಂತರವೇ ಅಗೆದವನ ನಷ್ಟ ಅಥವಾ ಕೊಡುವವನ ನಷ್ಟ. ಎಂಟನೆಯ ತರಗತಿಯ ವಿದ್ಯಾರ್ಥಿಗೆ ಇದನ್ನು ‘ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರು’ ಎಂದು ಹೇಳಿ ಮುಗಿಸಬಹುದು. ಅಥವಾ ಅಳತೆಯ ಪಟ್ಟಿಯನ್ನು ಕೈಗಿತ್ತು ಗುಂಡಿಯ ಬಳಿಗೆ ಕರೆದೊಯ್ಯಬಹುದು. ಎರಡನೆಯದು ಮಾತ್ರ ಶಿಕ್ಷಣ.

‘ಲೋಕೋಪಕಾರ’ದ ಅಂತರ್ಜಲ ಪ್ರಕರಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೆಲವು ಮರಗಳು, ಹುತ್ತಗಳು, ಮಣ್ಣಿನ ಬಣ್ಣ ಇವುಗಳಿಂದ ನೆಲದಡಿಯ ನೀರನ್ನು ಊಹಿಸುವ ಈ ವಿದ್ಯೆ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಪರಂಪರೆಯದು. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಇ.ಎ.ವಿ. ಪ್ರಸಾದ್ ಅವರು ವರಾಹಮಿಹಿರನ ಅಂತರ್ಜಲ ವಿಚಾರಗಳನ್ನು ಭೂವಿಜ್ಞಾನದ ದೃಷ್ಟಿಯಿಂದ ಅಧ್ಯಯನ ಮಾಡಿದರು. ಅದೇ ‘ಲೋಕೋಪಕಾರ’ದಲ್ಲಿ ಶಕುನದ ಅಧ್ಯಾಯವೂ ಇದೆ. ಹುತ್ತದ ಲಕ್ಷಣವನ್ನು ಬಾವಿ ತೋಡಿ ಪರೀಕ್ಷಿಸಬಹುದು. ಶಕುನವನ್ನು ಹಾಗೆ ಪರೀಕ್ಷಿಸಲಾಗದು. ಒಂದೇ ಗ್ರಂಥದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿರುವುದು ಆ ಕಾಲದ ರೀತಿ. ಅವುಗಳನ್ನು ಬೇರ್ಪಡಿಸಿ ನೋಡುವುದು ನಮ್ಮ ಕಾಲದ ಹೊಣೆ.

4. ಕೈಯಲ್ಲಿರುವ ಅರಿವು

ಕೆರೆಯ ಶಾಸ್ತ್ರವನ್ನು ಕುರಿತ ಅತ್ಯಂತ ವ್ಯವಸ್ಥಿತವಾದ ಪ್ರಾಚೀನ ದಾಖಲೆಗಳಲ್ಲಿ ಒಂದು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನ. ವಿಜಯನಗರದ ರಾಜಕುಮಾರ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯನ್ನು ಕುರಿತ ಈ ಶಾಸನವು ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ಕೆರೆಗೆ ತಗಲಬಹುದಾದ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಒಸರುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಅಚ್ಚುಕಟ್ಟು ದೊಡ್ಡದಾಗಿರುವುದು, ನೀರು ಹೆಚ್ಚಾಗಿ ಅಚ್ಚುಕಟ್ಟು ಚಿಕ್ಕದಾಗಿರುವುದು ಇವು ಆ ದೋಷಗಳು. ಗಡಿಯ ಜಗಳವನ್ನು ಮಣ್ಣಿನ ದೋಷದ ಜೊತೆಗೇ ಎಣಿಸಿರುವುದು ಗಮನಾರ್ಹ. ನೀರಿನ ವಿಜ್ಞಾನದಲ್ಲಿ ಸಮಾಜವೂ ಸೇರಿದೆಯೆಂಬುದನ್ನು ಶಾಸನಕಾರ ಬಲ್ಲ.

ಹನ್ನೆರಡು ಸಾಧನಗಳ ಪಟ್ಟಿಯಲ್ಲಿ ಧರ್ಮಿಷ್ಠನಾದ ರಾಜನೂ ಜಲಶಾಸ್ತ್ರ ಬಲ್ಲ ಬ್ರಾಹ್ಮಣನೂ ಇದ್ದಾರೆ. ಕೆಲಸದಲ್ಲಿ ನುರಿತ ಜನರ ಗುಂಪೂ ಇದೆ. ಈ ಕೆರೆಗೆ ನಿತ್ಯ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದವೆಂದು ಶಾಸನವು ತಿಳಿಸುತ್ತದೆ. ರಾಜಕುಮಾರನ ಹೆಸರು ಉಳಿಯಿತು; ಆ ಸಾವಿರ ಆಳುಗಳಲ್ಲಿ ಒಬ್ಬರ ಹೆಸರೂ ಉಳಿಯಲಿಲ್ಲ.

ಇಲ್ಲಿಯೇ ದೇಶೀಯ ಜ್ಞಾನದ ಮುಖ್ಯ ಸಮಸ್ಯೆಯಿದೆ. ಕರ್ನಾಟಕದ ಹಳ್ಳಿಗಳಲ್ಲಿ ತೂಬನ್ನು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸಿ, ಏರಿಯ ಮೇಲೆ ಓಡಾಡಿ ಬಿರುಕನ್ನು ಗುರುತಿಸುತ್ತಿದ್ದವನು ನೀರುಗಂಟಿ. ತಮಿಳು ನಾಡಿನಲ್ಲಿ ಅವನಿಗೆ ನೀರ್ಕಟ್ಟಿ ಮೊದಲಾದ ಹೆಸರುಗಳಿವೆ. ಈ ವೃತ್ತಿಯವರು ಎರಡೂ ಕಡೆ ಬಹುಮಟ್ಟಿಗೆ ದಲಿತ ಸಮುದಾಯದವರು. ಮಣ್ಣು ಅಗೆದು ಏರಿ ಕಟ್ಟಿದವರು ಒಡ್ಡರು. ಮಣ್ಣನ್ನು ಮುಟ್ಟಿ ಅದರ ಹದವನ್ನು ಹೇಳಬಲ್ಲ ಇವರ ಅರಿವನ್ನು ಯಾವ ಓಲೆಗರಿಯೂ ಪೂರ್ಣವಾಗಿ ಬರೆದಿಟ್ಟಿಲ್ಲ. ಚೆಂಗಲ್ಪಟ್ಟು ಸೀಮೆಯಲ್ಲಿ 1767ರಿಂದ 1774ರವರೆಗೆ ಥಾಮಸ್ ಬರ್ನಾರ್ಡ್ ನಡೆಸಿದ ಗ್ರಾಮ ಸಮೀಕ್ಷೆಯ ದಾಖಲೆಗಳಲ್ಲಿ, ಊರಿನ ಬೆಳೆಯಿಂದ ಬೇರೆ ಬೇರೆ ಸೇವೆಗಳಿಗೆ ಪಾಲು ತೆಗೆದಿಡುತ್ತಿದ್ದ ಪದ್ಧತಿಯ ವಿವರಗಳಿವೆ; ಕೆರೆಯ ಪಾಲನೆಯೂ ಅವುಗಳಲ್ಲಿ ಸೇರಿತ್ತು. ಧರಂಪಾಲರೂ ಚೆನ್ನೈನ ನೀತಿ ಅಧ್ಯಯನ ಕೇಂದ್ರದವರೂ ಈ ದಾಖಲೆಗಳನ್ನು ವಿದ್ವಾಂಸರ ಗಮನಕ್ಕೆ ತಂದರು. ಅರಿವಿಗೆ ಅನ್ನದ ಆಧಾರವಿತ್ತೆಂಬುದು ಇದರಿಂದ ತಿಳಿಯುತ್ತದೆ. ಆ ಪಾಲು ನಿಂತಾಗ ಅರಿವೂ ಕ್ರಮೇಣ ನಿಂತಿತು. 1858ರ ಮದರಾಸು ಕಾಯಿದೆಯು ಊರಿನವರ ದುಡಿಮೆಯನ್ನು ಕಡ್ಡಾಯಗೊಳಿಸಲು ಯತ್ನಿಸಿತು. ತಮಿಳುನಾಡು ಸರ್ಕಾರವು 2017ರಲ್ಲಿ ‘ಕುಡಿಮರಾಮತ್ತು’ ಎಂಬ ಹಳೆಯ ಹೆಸರಿನಲ್ಲೇ ಕೆರೆಗಳ ದುರಸ್ತಿಯನ್ನು ಕೈಗೊಂಡಿತು. ಹೆಸರನ್ನು ಮರಳಿ ತರುವುದು ಸುಲಭ; ಆ ಹೆಸರನ್ನು ಹೊತ್ತಿದ್ದ ಸಂಬಂಧಗಳನ್ನು ತರುವುದು ಕಷ್ಟ.

5. ಬಳ್ಳಾರಿಯ ಎಚ್ಚರಿಕೆ

ಗ್ರಂಥಗಳನ್ನು ಪಠ್ಯವಾಗಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವವರು 200 ವರ್ಷಗಳ ಹಿಂದಿನ ಒಂದು ವರದಿಯನ್ನು ಓದಬೇಕು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ಶಿಕ್ಷಣ ಸಮೀಕ್ಷೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಕಳುಹಿಸಿದನು. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 6,641 ವಿದ್ಯಾರ್ಥಿಗಳಿದ್ದರು; 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು ಕಲಿಸಲಾಗುತ್ತಿತ್ತು; ಹುಡುಗಿಯರು ಕೇವಲ 60. ಮರಳಿನ ಮೇಲೆ ಬೆರಳಿನಿಂದ ಬರೆಯುವ ಮಿತವ್ಯಯದ ಕ್ರಮವನ್ನೂ, ಮುಂದಿನ ಮಕ್ಕಳು ಹಿಂದಿನವರಿಗೆ ಕಲಿಸುವ ರೀತಿಯನ್ನೂ ಕ್ಯಾಂಪ್‌ಬೆಲ್ ಮೆಚ್ಚಿದನು. ಇದೇ ಕ್ರಮವನ್ನು ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಅಳವಡಿಸಿಕೊಂಡ ಆಂಡ್ರ್ಯೂ ಬೆಲ್, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಇಂಗ್ಲೆಂಡಿಗೆ ಪರಿಚಯಿಸಿದ್ದನು. ದೇಶೀಯ ಬೋಧನಾ ಕ್ರಮವೊಂದು ಇಲ್ಲಿನ ಜಗಲಿಶಾಲೆಯಿಂದ ಯೂರೋಪಿನ ಬಡಮಕ್ಕಳ ಶಾಲೆಗೆ ಹೋದ ದೃಷ್ಟಾಂತವಿದು.

ಆದರೆ ಕ್ಯಾಂಪ್‌ಬೆಲ್‌ನ ವರದಿಯ ಇನ್ನೊಂದು ಭಾಗವನ್ನು ನಮ್ಮವರು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಮಕ್ಕಳು ಕಲಿಯುತ್ತಿದ್ದ ಪದ್ಯಗ್ರಂಥಗಳ ಭಾಷೆ ಆಡುನುಡಿಗಿಂತ ಬಹಳ ದೂರವಾಗಿತ್ತು; ಮಕ್ಕಳು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದರು; ಅನೇಕ ಉಪಾಧ್ಯಾಯರಿಗೂ ಅರ್ಥ ತಿಳಿದಿರಲಿಲ್ಲ ಎಂದು ಅವನು ಬರೆದನು. ವಸಾಹತು ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಶಿಕ್ಷಣದ ಅವನತಿಗೆ ಜನರ ಬಡತನ ಕಾರಣವೆಂದೂ, ಆ ಬಡತನಕ್ಕೆ ಕಂಪನಿಯ ಆಳ್ವಿಕೆಯೂ ಹೊಣೆಯೆಂದೂ ಬರೆಯುವಷ್ಟು ನಿಷ್ಠುರತೆ ಅದೇ ವರದಿಯಲ್ಲಿದೆ. ಇಂದು ‘ಲೋಕೋಪಕಾರ’ದ ಹಳಗನ್ನಡ ಪದ್ಯಗಳನ್ನು ಎರಡು ಕ್ರೆಡಿಟ್‌ಗಳ ಪತ್ರಿಕೆಗಾಗಿ ಬಾಯಿಪಾಠ ಮಾಡಿಸಿದರೆ ನಾವು ಪುನರುಜ್ಜೀವನಗೊಳಿಸುವುದು ಕೂಲಿಮಠದ ಗುಣವನ್ನಲ್ಲ, ದೋಷವನ್ನು.

6. ಏನು ಮಾಡಬಹುದು

ಮೇಲಿನ ಚರ್ಚೆಯಿಂದ ಕೆಲವು ಕಾರ್ಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಕನ್ನಡ ವಿಭಾಗಗಳು ಮತ್ತು ಪೀಠಗಳು ಮಾಡಬೇಕಾದುದು. ಶಾಸ್ತ್ರಗ್ರಂಥಗಳನ್ನು ಪಾಠಾಂತರಗಳೊಡನೆ ಸಂಪಾದಿಸುವುದರಲ್ಲಿ ನಮ್ಮ ಹಿರಿಯರು ತೋರಿದ ಶ್ರದ್ಧೆ ಅಸಾಧಾರಣ. ಅದರ ಮುಂದಿನ ಹೆಜ್ಜೆಯಾಗಿ ಹೊಸಗನ್ನಡ ಗದ್ಯಾನುವಾದ, ಸಸ್ಯ ಮತ್ತು ಅಳತೆಯ ಹೆಸರುಗಳ ನಿಖರವಾದ ಗುರುತಿಸುವಿಕೆ, ನೆರೆಯ ಭಾಷೆಗಳ ಸಮಾನ ಪದಗಳು ಇವುಗಳನ್ನು ಸಿದ್ಧಪಡಿಸಬೇಕು. ಕನ್ನಡ, ತಮಿಳು, ತೆಲುಗು, ತುಳು ಭಾಷೆಗಳ ಕೆರೆಯ ಪದಕೋಶವೊಂದು ರೂಪುಗೊಂಡರೆ ಜಲವಿಜ್ಞಾನಿಗೂ ನಿಘಂಟುಕಾರನಿಗೂ ಸಮಾನವಾಗಿ ಒದಗುತ್ತದೆ. ಇದನ್ನು ಹಸ್ತಪ್ರತಿಗಳಿಂದಷ್ಟೇ ಮಾಡಲಾಗದು. ಏರಿಯ ಮೇಲೆ ನಡೆಯುವವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಚಂದ್ರಶೇಖರ ಕಂಬಾರರ ನೇತೃತ್ವದಲ್ಲಿ ಜನಪದ ಮತ್ತು ಬುಡಕಟ್ಟುಗಳ ಅರಿವನ್ನು ಸಂಶೋಧನೆಯ ಕೇಂದ್ರಕ್ಕೆ ತಂದುದು ಈ ದಿಸೆಯಲ್ಲಿ ಒಂದು ಪೂರ್ವನಿದರ್ಶನ.

ಎರಡನೆಯದು ಶಾಲೆಗೆ ಸಂಬಂಧಿಸಿದ್ದು. ಅಂಬತ್ತೂರಿನಂತಹ ಊರಿನಲ್ಲಿ ಒಂದು ವರ್ಷದ ಪಾಠಕ್ಕೆ ಕೆರೆಯೊಂದೇ ಸಾಕು. ಮಳೆಗಾಲದ ಮೊದಲು ಮತ್ತು ನಂತರ ನೀರಿನ ಮಟ್ಟವನ್ನು ಅಳೆಯುವುದು, ಕೋಡಿಯಿಂದ ಹೊರಟ ನೀರಿನ ದಾರಿಯನ್ನು ಮುಂದಿನ ಕೆರೆಯವರೆಗೆ ನಡೆದು ನಕ್ಷೆ ಬರೆಯುವುದು, ಆ ದಾರಿ ಎಲ್ಲಿ ಮುಚ್ಚಿದೆಯೆಂದು ಗುರುತಿಸುವುದು, ಹೂಳಿನ ಗುಂಡಿಯನ್ನು ಮಹಾವೀರನ ಕ್ರಮದಲ್ಲೂ ಇಂದಿನ ಸೂತ್ರದಲ್ಲೂ ಲೆಕ್ಕ ಹಾಕುವುದು, ಪೋರುಮಾಮಿಳ್ಳದ ಆರು ದೋಷಗಳಲ್ಲಿ ಯಾವುವು ಇಲ್ಲಿವೆಯೆಂದು ಚರ್ಚಿಸುವುದು, ಆ ಪಟ್ಟಿಯಲ್ಲಿಲ್ಲದ ಹೊಸ ದೋಷಗಳಾದ ಕಾರ್ಖಾನೆಯ ತ್ಯಾಜ್ಯ ಮತ್ತು ಒತ್ತುವರಿಯನ್ನು ಸೇರಿಸುವುದು ಇವೆಲ್ಲ ಗಣಿತ, ವಿಜ್ಞಾನ, ಇತಿಹಾಸ, ಭಾಷೆಗಳನ್ನು ಒಂದೆಡೆ ತರುವ ಅಭ್ಯಾಸಗಳು. ಬೇರೆ ಬೇರೆ ಭಾಷೆಗಳ ಮನೆಗಳಿಂದ ಬಂದ ಮಕ್ಕಳಿರುವ ಕೈಗಾರಿಕಾ ಊರಿನಲ್ಲಿ, ಪ್ರತಿಯೊಬ್ಬರೂ ತಮ್ಮ ಮನೆಮಾತಿನ ಕೆರೆಯ ಶಬ್ದಗಳನ್ನು ತಂದು ಹೋಲಿಸುವುದು ಸ್ವತಃ ಒಂದು ಭಾಷಾಪಾಠವಾಗುತ್ತದೆ.

ಮೂರನೆಯದು ಅತ್ಯಂತ ಕಠಿಣವಾದುದು: ಯಾರು ಕಲಿಸಬೇಕು? ಧನಸಹಾಯ ಆಯೋಗವು 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ಕನಿಷ್ಠ 15 ವರ್ಷಗಳ ವೃತ್ತಿ ಅನುಭವವುಳ್ಳ, ಮೇಲ್ದರ್ಜೆಯಲ್ಲಿ ಕೆಲಸ ಮಾಡಿದ ಪರಿಣತರನ್ನು ನೇಮಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಅಸಾಧಾರಣ ಪರಿಣತಿಯಿದ್ದಲ್ಲಿ ಔಪಚಾರಿಕ ವಿದ್ಯಾರ್ಹತೆ ಕಡ್ಡಾಯವಲ್ಲ. ಈ ಬಾಗಿಲು ಉದ್ಯಮ ಮತ್ತು ಆಡಳಿತದ ಹಿರಿಯರಿಗಾಗಿ ತೆರೆದದ್ದೆಂಬುದು ಓದಿದೊಡನೆ ತಿಳಿಯುತ್ತದೆ. 30 ವರ್ಷ ತೂಬನ್ನು ಕಾದ ನೀರುಗಂಟಿಗೆ ‘ಮೇಲ್ದರ್ಜೆ’ ಎಂಬುದು ಎಲ್ಲಿಂದ ಬರಬೇಕು? ಅವನ ಅರಿವನ್ನು ಸಂಶೋಧಕರು ಬಂದು ಬರೆದುಕೊಂಡು ಹೋಗುತ್ತಾರೆ, ಅದು ಪ್ರಬಂಧವಾಗುತ್ತದೆ, ಪಠ್ಯವೂ ಆಗುತ್ತದೆ. ಅವನು ಮಾತ್ರ ‘ಮಾಹಿತಿದಾರ’ನಾಗಿಯೇ ಉಳಿಯುತ್ತಾನೆ. ಗ್ರಂಥಕ್ಕೆ ಸಂಪಾದಕನ ಹೆಸರಿದೆ, ಶಾಸನಕ್ಕೆ ರಾಜನ ಹೆಸರಿದೆ. ಕೈಯ ಅರಿವಿಗೂ ಹೆಸರು, ಗೌರವಧನ, ತರಗತಿಯಲ್ಲೊಂದು ಆಸನ ದೊರೆಯುವವರೆಗೆ ದೇಶೀಯ ಜ್ಞಾನವು ವಿಶ್ವವಿದ್ಯಾಲಯದೊಳಗೆ ಬಂದಿತೆಂದು ಹೇಳಲಾಗದು. ಅದರ ವರದಿ ಬಂದಿತೆಂದು ಮಾತ್ರ ಹೇಳಬಹುದು.

ಇದು ವಿಳಂಬವನ್ನು ಸಹಿಸುವ ಕೆಲಸವಲ್ಲ. ಓಲೆಗರಿ ಗ್ರಂಥಾಲಯದಲ್ಲಿ ಇನ್ನಷ್ಟು ಕಾಲ ಕಾಯಬಲ್ಲದು. ಕೋಡಿಯ ದಾರಿಯನ್ನು ಬಲ್ಲ ಹಿರಿಯರು ಊರೂರಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ತೀರಿಕೊಂಡ ಮೇಲೆ ಆ ದಾರಿಯನ್ನು ತೋರಿಸಲು ಮುಂದಿನ ನೆರೆಯೇ ಬರಬೇಕಾಗುತ್ತದೆ.